ಪಾಟಿಚೀಲದ ತ್ಯಾಪಿ: ಸಾಲಿ ಖರ್ಚು ಉಳಿಸೋದು ಹೆಂಗ, ಮಗುವಿನ ನೋವು ತಿಳಿಯೋದು ಹೆಂಗ?

(ಶಾಲೆಗಳು ತೆರೆಯುವ ಹೊತ್ತಿಗೆ ಪ್ರಸಾರವಾದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತನಾಡಿದವರು ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಲ್ಲಿ ಹೊಲಿಗೆ ಕೆಲಸ ಮಾಡುವ ತಾಯಿ. ಮಕ್ಕಳ ಗುರುತು ಸಿಗಬಾರದೆಂದು ಹೆಸರುಗಳನ್ನು ಕೈಬಿಡಲಾಗಿದೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)



ನಾನು ಇರಕಲ್ಲಗಡದಾಕಿ. ಊರಲ್ಲಿ ನಂದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಹದಿನೆಂಟು ವರ್ಷದಿಂದ ಮಷಿನ್ ತುಳಿಯುತ್ತಿದ್ದೀನಿ. ಜಂಪರ್ ಹೊಲೀತೀನಿ, ಸೀರೆಗೆ ಫಾಲ್ ಹಚ್ಚತೀನಿ. ಮೇ ತಿಂಗಳ ಕೊನೆ ಬಂತೆಂದರೆ ಮಾತ್ರ ಬೇರೆ ಏನೂ ಇಲ್ಲ, ಬರೀ ಸಾಲಿ ಬಟ್ಟೆ. ನೆಲದ ಮೇಲೆ ಒಂದು ಗುಡ್ಡ ಬಿಳಿ ಅಂಗಿ, ಒಂದು ಗುಡ್ಡ ನೀಲಿ ಚಡ್ಡಿ.

ಹಿಂಗೆ ಮೈಕ್ ಮುಂದೆ ಕೂತು ಮಾತಾಡಿ ರೂಢಿ ಇಲ್ಲ. "ಸಾಲಿ ಶುರುವಾಗೋ ಹೊತ್ತಿಗೆ ರೊಕ್ಕ ಹೆಂಗ ಉಳಿಸಬೇಕು, ನಿಮ್ಮ ಅನುಭವ ಹೇಳ್ರಿ" ಅಂತ ಕೇಳಿದರು, ಅದಕ್ಕೆ ಬಂದೆ. ಹೇಳ್ತೀನಿ. ಆದರೆ ರೊಕ್ಕ ಉಳಿಸಲು ಹೋಗಿ ನಾನೊಂದು ತಪ್ಪು ಮಾಡಿದ್ದೆ. ಆಮೇಲೆ ಗಾಬರಿಯಲ್ಲಿ ರೊಕ್ಕ ಚೆಲ್ಲಿ ಇನ್ನೊಂದು ತಪ್ಪು ಮಾಡಿದೆ. ಅವೆರಡನ್ನೂ ಮೊದಲು ಹೇಳಿ, ಆಮೇಲೆ ಲೆಕ್ಕಕ್ಕೆ ಬರ್ತೀನಿ.

ನನಗೆ ಇಬ್ಬರು ಮಕ್ಕಳು. ಮಗಳು ಸರ್ಕಾರಿ ಸಾಲಿಗೆ ಹೋಗ್ತಾಳೆ. ಮಗನನ್ನು ಆರನೇ ಇಯತ್ತೆಗೆ ಕೊಪ್ಪಳದ ಒಂದು ಖಾಸಗಿ ಸಾಲಿಗೆ ಹಾಕಿದ್ವಿ. ಸಾಲಿ ಹೆಸರು ಬೇಡ, ಆ ಮಾತಿಗೂ ಈ ಕಥೆಗೂ ಸಂಬಂಧವಿಲ್ಲ. ಇಂಥದ್ದು ಎಲ್ಲ ಸಾಲಿಯಲ್ಲೂ ಇರುತ್ತೆ.

ನಮ್ಮ ಕಡೆ ಜೂನ್ ತಿಂಗಳು ಹೆಂಗಿರುತ್ತೆ ಅಂತ ನಿಮಗೆ ಗೊತ್ತು. ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ ಅಂತಾರೆ. ಆ ಮಳೆ ಬೀಳೋ ಹೊತ್ತಿಗೇ ಸಾಲಿ ಬಾಗಿಲು ತೆಗೀತಾರೆ. ಹೆಸರಿನ ಬೀಜ ತರಬೇಕು, ಗೊಬ್ಬರ ತರಬೇಕು, ಎತ್ತಿಲ್ಲದವರು ಟ್ರ್ಯಾಕ್ಟರ್ ಬಾಡಿಗೆ ಕೊಡಬೇಕು. ಅದೇ ವಾರ ಫೀ, ನೋಟ್‌ಬುಕ್ಕು, ಬೂಟು, ಚೀಲ. ಬೆಳೆ ಬರೋದು ಆಗಸ್ಟ್ ಮೇಲೆ. ಕೈಯಲ್ಲಿ ಏನೂ ಇಲ್ಲದ ತಿಂಗಳಲ್ಲಿ ಎಲ್ಲ ಖರ್ಚೂ ಬಂದು ಬೀಳುತ್ತೆ.

ಆ ವರ್ಷ ಮಗ "ಅವ್ವಾ, ಹೊಸಾ ಬ್ಯಾಗ್ ಕೊಡಿಸು" ಅಂದ. ಹಳೇ ಚೀಲ ನೋಡಿದೆ. ತಳ ಒಂದು ಕಡೆ ಹರಿದಿತ್ತು, ಜಿಪ್ಪು ಕೂಡ್ತಿರಲಿಲ್ಲ. ಅಷ್ಟೇ. ಹೊಲಿಗೆಯವಳ ಮಗ ಹರಿದ ಚೀಲಕ್ಕೆ ಹೊಸದು ಕೇಳೋದೇನು ಅಂತ ನನಗೇ ನಗು ಬಂತು. ಅಂಗಡಿಯಲ್ಲಿ ದಪ್ಪ ಪ್ಯಾಂಟ್ ಬಟ್ಟೆಯ ತುಂಡು ಬಿದ್ದಿತ್ತು, ಕಡು ನೀಲಿ. ಎರಡು ಹೊಲಿಗೆ ಹಾಕಿ ತ್ಯಾಪಿ ಹಚ್ಚಿದೆ. ಜಿಪ್ಪಿನ ರನ್ನರ್ ಬದಲಿಸಿದೆ. ಖರ್ಚಾದದ್ದು ಹತ್ತು ರೂಪಾಯಿ. "ನೋಡು, ಹೊಸಾದಕ್ಕಿಂತ ಗಟ್ಟಿ ಆತು" ಅಂದೆ. ಅವನು ಮಾತಾಡಲಿಲ್ಲ. ತಗೊಂಡು ಹೋದ.

ಮೂರನೇ ವಾರ ಆ ತ್ಯಾಪಿ ಹರಿದುಕೊಂಡು ಬಂದ. "ಬಸ್ಸಿನ್ಯಾಗ ಸಿಕ್ಕೊಂಡು ಹರೀತು" ಅಂದ. ಬಟ್ಟೆ ಕೈಗೆ ತಗೊಂಡೆ. ಹದಿನೆಂಟು ವರ್ಷ ಕತ್ತರಿ ಹಿಡಿದ ಕೈ ಇದು, ನನಗೆ ಗೊತ್ತಾಗುತ್ತೆ. ಹರಿದ ಬಟ್ಟೆ ಅಂಚಲ್ಲಿ ನೂಲು ನೂಲು ಎದ್ದಿರುತ್ತೆ. ಇದು ನೆಟ್ಟಗಿತ್ತು. ಬ್ಲೇಡಿನಿಂದ ಕೊಯ್ದದ್ದು.

"ಖರೇ ಹೇಳು, ನೀನ ಕೊಯ್ದಿ ಹೌದಿಲ್ಲೊ?" ಅಂದೆ. ತಲೆ ತಗ್ಗಿಸಿ ನಿಂತ. ಹೊಸ ಚೀಲ ಬೇಕಂತ ಹಿಂಗೆ ಮಾಡ್ಯಾನ ಅಂತ ನನಗೆ ಸಿಟ್ಟು ನೆತ್ತಿಗೇರಿತು. ಬೆನ್ನಿಗೆ ಎರಡು ಕೊಟ್ಟೆ. ಅಳಲಿಲ್ಲ. ನೀವು ಕೇಳಬಹುದು, ಆ ತ್ಯಾಪಿಯ ಮೇಲೆ ಏನಿತ್ತು ಅಂತ ನೋಡಲಿಲ್ಲೇನು ಅಂತ. ನೋಡಿದೆ. ಬಾಲ್‌ಪೆನ್ನಿನ ಕರೇ ಇತ್ತು, ಉಜ್ಜಿ ಉಜ್ಜಿ ಅಳಿಸಿದ್ದ. ಇಂಕು ಸೋರಿರಬೇಕು ಅಂದುಕೊಂಡು ಬಿಟ್ಟೆ.

ಮರುವಾರ ಮನಸ್ಸು ಕರಗಿತು. ಹೊಡೆದದ್ದು ನೆನಪಾಗಿ ನಿದ್ದೆ ಬರಲಿಲ್ಲ. ಬೀಜಕ್ಕೆ ಅಂತ ಎತ್ತಿಟ್ಟ ರೊಕ್ಕದಲ್ಲಿ 850 ರೂಪಾಯಿ ತೆಗೆದು ಹೊಸ ಬ್ಯಾಗ್ ತಂದೆ, ಅವನು ಹೇಳಿದ ಬಣ್ಣದ್ದೇ. ಇನ್ನು ಮುಗೀತು ಅಂದುಕೊಂಡೆ. ಹದಿನೈದು ದಿನಕ್ಕೆ ಮತ್ತೆ ಶುರು. ಸೋಮವಾರ ಬಂತೆಂದರೆ ಹೊಟ್ಟೆನೋವು. ಡಬ್ಬಿ ಕಟ್ಟಿದ್ದು ಕಟ್ಟಿದಂಗೇ ವಾಪಸ್ ಬರೋದು. ಎಂಟು ಗಂಟೆ ಬಸ್ಸಿಗೆ ಎಲ್ಲ ಹುಡುಗರೂ ಹೋದರೆ ಇವನು "ಏಳರ ಬಸ್ಸಿಗೆ ಹೋಗ್ತೀನಿ" ಅನ್ನೋದು. ಏಳಕ್ಕೆ ಹೋಗಿ ಸಾಲಿ ಗೇಟಿನ ಮುಂದೆ ಒಬ್ಬನೇ ಕೂರೋದು.

ಒಂದು ರಾತ್ರಿ ಕರೆಂಟ್ ಹೋಗಿತ್ತು. ಕಟ್ಟೆ ಮೇಲೆ ನಾನು, ಅವನು ಇಬ್ಬರೇ. ನಾನು ಏನೂ ಕೇಳಿರಲಿಲ್ಲ. ತಾನೇ ಅಂದ: "ಅವ್ವಾ, ನನಗ ತ್ಯಾಪಿ ಅಂತಾರ."

"ಈಗ ಹೊಸಾ ಬ್ಯಾಗ್ ಐತೆಲ್ಲೊ?"

"ಬ್ಯಾಗಿಗಿ ಅಲ್ಲವ್ವಾ. ನನಗ."

ಚೀಲದ ಮೇಲೆ ತ್ಯಾಪಿ ಅಂತ ಬರೆದಿದ್ದರಂತೆ. ಅದನ್ನು ಮನೆಯಲ್ಲಿ ನಾನು ಓದಬಾರದು ಅಂತ ಉಜ್ಜಿದ್ದಾನೆ, ಹೋಗಿಲ್ಲ, ಅದಕ್ಕೆ ಕೊಯ್ದಿದ್ದಾನೆ. ನಾನು ಹಚ್ಚಿದ ತ್ಯಾಪಿ ನೋಡ್ರಿ ಅದು. ನನಗೆ ನೋವಾಗಬಾರದು ಅಂತ ಕೊಯ್ದ ಮಗನಿಗೆ ನಾನು ಎರಡು ಬಾರಿಸಿದ್ದೆ. ಹೊಸ ಚೀಲ ಬಂದ ದಿನ "ತ್ಯಾಪಿ ಹೊಸಾ ಬ್ಯಾಗ್ ತಂದಾನ್ರಲೇ" ಅಂದರಂತೆ. ಬಸ್ಸಿನಲ್ಲಿ ಸೀಟು ಹಿಡಿದು ಕೂತರೆ ಎಬ್ಬಿಸೋದು, ಡಬ್ಬಿ ತೆಗೆದರೆ "ರೊಟ್ಟಿಗೂ ತ್ಯಾಪಿ ಹಚ್ಚ್ಯಾಳೇನೋ ನಿಮ್ಮವ್ವ" ಅನ್ನೋದು. ಅದಕ್ಕೇ ಡಬ್ಬಿ ತೆಗೀತಿರಲಿಲ್ಲ.

ನನ್ನ 850 ರೂಪಾಯಿ ಎಲ್ಲಿ ಹೋಯಿತು ಅಂತ ಆ ರಾತ್ರಿ ತಿಳೀತು. ಚುಡಾಯಿಸುವವರಿಗೆ ಚೀಲ ಒಂದು ನೆಪ. ಚೀಲ ಹೋದರೆ ಬೂಟು, ಬೂಟು ಹೋದರೆ ಮೈಬಣ್ಣ, ಅದೂ ಇಲ್ಲದಿದ್ದರೆ ಅಪ್ಪನ ಕೆಲಸ. ಹೊಸ ಸಾಮಾನು ಕೊಡಿಸಿ ಅದನ್ನು ನಿಲ್ಲಿಸೋಕೆ ಆಗಲ್ಲ.

*ನಾವು ಏನು ಮಾಡಿದ್ವಿ*

ಬೆಳಗಾದ ಮೇಲೆ ಮನೆಯಲ್ಲಿ ದೊಡ್ಡ ಪಂಚಾಯ್ತಿ. ನಮ್ಮ ಮನೆಯವರು "ನೀನೂ ಒಂದು ಬಾರಿಸಿ ಬಾ" ಅಂದರು ಮಗನಿಗೆ. ನನ್ನ ಮೈದುನ "ಬಸ್‌ಸ್ಟ್ಯಾಂಡಿನ್ಯಾಗ ಆ ಹುಡುಗನ ಕೊಳ್ಳಪಟ್ಟಿ ಹಿಡಿದು ಕೇಳ್ತೀನಿ ತಡಿ ವೈನಿ" ಅಂತ ಎದ್ದೇ ಬಿಟ್ಟ. ಮಗ ಗಾಬರಿಯಾಗಿ "ಯಾರೂ ಬರಬ್ಯಾಡ್ರಿ, ಇನ್ನಷ್ಟು ಕಾಡ್ತಾರ" ಅಂತ ಕೈಮುಗಿದ. ನನಗೆ ಅವನ ಮಾತೇ ಸರಿ ಅನ್ನಿಸಿತು. ಹನ್ನೊಂದು ವರ್ಷದ ಹುಡುಗನ ಮೇಲೆ ದೊಡ್ಡ ಗಂಡಸು ಕೈಮಾಡಿದರೆ ತಪ್ಪು ನಮ್ಮ ಕಡೆ ಬರುತ್ತೆ. ಬಡಿದಾಡಿಕೊಂಡು ಬಾ ಅಂತ ಮೆತ್ತಗಿನ ಹುಡುಗನನ್ನು ನಾಲ್ಕು ಜನರ ಮುಂದೆ ಕಳಿಸಿದರೆ ಅವನು ಇನ್ನೊಮ್ಮೆ ಸೋತು ಬರ್ತಾನೆ.

ಅಂಗಡಿಯಲ್ಲಿ ನಂದೊಂದು ಅಳತೆ ಪುಸ್ತಕ ಇದೆ. ಅದರ ಹಿಂದಿನ ಹಾಳೆಯಲ್ಲಿ ಮಗನ ಕೂಡ ಕೂತು ಬರೆದೆ. ಯಾವತ್ತು, ಎಲ್ಲಿ, ಯಾರು ಏನಂದರು, ಪಕ್ಕದಲ್ಲಿ ಯಾರಿದ್ದರು. ಈ ನಾಲ್ಕೇ. ಬರೆದ ಮೇಲೆ ಎರಡು ವಿಷಯ ಗೊತ್ತಾಯಿತು. ಒಂದು, ಕಾಡುವವರು ಇಬ್ಬರೇ, ಉಳಿದವರು ನಗುವವರು. ಎರಡು, ಕ್ಲಾಸಿನ ಒಳಗೆ ಏನೂ ಆಗಲ್ಲ. ಆಗೋದೆಲ್ಲ ಬಸ್ಸಿನಲ್ಲಿ, ಇಲ್ಲವೇ ಊಟದ ಹೊತ್ತಿನಲ್ಲಿ. ಮಾಸ್ತರು ಇಲ್ಲದ ಜಾಗದಲ್ಲಿ.

ಆ ಹಾಳೆ ತಗೊಂಡು ಸಾಲಿಗೆ ಹೋದೆ. ಮೊದಲು ಸಿಕ್ಕ ಹಿರಿಯರೊಬ್ಬರು "ಹುಡುಗ್ರು ಅಂದ ಮ್ಯಾಲೆ ಇದ್ದದ್ದೇ ಬಿಡ್ರಿ, ಗಂಡು ಹುಡುಗ ಗಟ್ಟಿ ಆಗಬೇಕು" ಅಂದರು. ಅದನ್ನು ಕೇಳಿ ಎದ್ದು ಬರೋರೇ ಹೆಚ್ಚು. ನಾನು ಕ್ಲಾಸ್ ಟೀಚರ್‌ಗೆ ಕಾದು ಕೂತೆ. ಅಕ್ಕೋರು ಬಂದರು. ಜಗಳ ಮಾಡಲಿಲ್ಲ, ಹಾಳೆ ತೋರಿಸಿದೆ. ಮೂರು ಮಾತು ಕೇಳಿದೆ: "ಊಟದ ಹೊತ್ತಿನ್ಯಾಗ ಇವರನ್ನ ಯಾರು ನೋಡ್ತಾರ್ರಿ? ನಮ್ಮ ಹುಡುಗ ಹೇಳಿದ ಅಂತ ಅವರಿಗಿ ಗೊತ್ತಾಗದಂಗ ಹೆಂಗ ಮಾಡ್ತೀರಿ? ಮತ್ತ ನಾ ಯಾವಾಗ ಬಂದು ಕೇಳ್ಲಿ?"

ಮೂರನೇ ಪ್ರಶ್ನೆ ಮರೀಬೇಡ್ರಿ. ಮತ್ತೆ ಬರ್ತಾಳ ಅಂತ ಗೊತ್ತಾದರೆ ಕೆಲಸ ಆಗುತ್ತೆ.

ಆ ಅಕ್ಕೋರು ಶಾಣ್ಯಾರಿದ್ದರು. ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಬೈಯಲಿಲ್ಲ. ಕೂರುವ ಜಾಗ ಇಡೀ ಕ್ಲಾಸಿಗೇ ಬದಲಿಸಿದರು. ಊಟಕ್ಕೆ ನಾಲ್ಕು ನಾಲ್ಕು ಜನರ ಗುಂಪು ಮಾಡಿದರು. ಆ ಇಬ್ಬರನ್ನು ಬೇರೆ ಬೇರೆಯಾಗಿ ಕರೆದು ಮಾತಾಡಿದರು. ನಗುತ್ತಿದ್ದ ಹುಡುಗರ ಜೊತೆಗೂ ಮಾತಾಡಿದರು. ನಗುವವರು ನಗೋದು ಬಿಟ್ಟ ಮೇಲೆ ಆ ಇಬ್ಬರ ಆಟ ಅರ್ಧ ಸಪ್ಪಗಾಯಿತು. ಬಸ್ಸಿನ ವಿಷಯಕ್ಕೆ ನಮ್ಮೂರಿನ ಪಿಯುಸಿ ಹುಡುಗಿಯೊಬ್ಬಳಿಗೆ ನಾನೇ ಹೇಳಿದೆ: "ತಂಗೀ, ಇವನ್ನ ಒಂದೀಟು ನಿನ್ನ ಹತ್ರ ಕೂಡ್ರಿಸ್ಕೊ." ಅಷ್ಟೇ ಸಾಕಾಯಿತು.

ಒಂದೇ ದಿನಕ್ಕೆ ಮುಗೀತು ಅಂತ ಹೇಳಲ್ಲ. ದಸರಾ ರಜೆವರೆಗೂ ಆಗಾಗ ಹೊಟ್ಟೆನೋವು ಇತ್ತು. ಎರಡು ಸಲ ಮತ್ತೆ ಹೋಗಿ ಕೇಳಿಬಂದೆ. ರಜೆ ಮುಗಿದ ಮೇಲೆ ಎಂಟರ ಬಸ್ಸಿಗೆ ಹೋಗತೊಡಗಿದ.

*ನನ್ನ ಮನೆಯಲ್ಲೇ ಇನ್ನೊಂದು ಕಥೆ*

ಇದೆಲ್ಲ ಮನೆಯಲ್ಲಿ ಮಾತಾಡುವಾಗ ಮಗಳು ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ಎರಡು ದಿನ ಬಿಟ್ಟು ಅಂದಳು: "ಅವ್ವಾ, ನಮ್ಮ ಕ್ಲಾಸಿನ್ಯಾಗ ಒಬ್ಬಾಕಿ ದೊಡ್ಡ ಬೂಟ್ ಹಾಕ್ಕೊಂಡ ಬರ್ತಾಳ. ನಾವು ಆಕಿಗಿ ಟ್ರ್ಯಾಕ್ಟರ್ ಅಂತೀವಿ."

ನಾವು ಅಂದಳು, ಅವರು ಅನ್ನಲಿಲ್ಲ. ನನಗೆ ಎದೆ ಝಲ್ ಅಂದಿತು. ಹೊಡೀಲಿಲ್ಲ, ಆ ಪಾಠ ಆಗಲೇ ಕಲಿತಿದ್ದೆ. "ನಿನ್ನ ತಮ್ಮಗ ಹಂಗಂದ್ರ ಅವಗ ಹೆಂಗನ್ನಿಸಿತು, ನೋಡಿದೆಲ್ಲವ್ವಾ" ಅಂದೆ. "ನಾಳೆ ಆಕಿ ಪಕ್ಕ ಕುಂತು ಊಟ ಮಾಡು. ಕ್ಷಮಾ ಗಿಮಾ ಕೇಳೋದು ನಿನಗ ಬಿಟ್ಟದ್ದು." ಏನು ಮಾತಾಡಿದರೋ ಗೊತ್ತಿಲ್ಲ. ಒಂದು ವಾರಕ್ಕೆ ಆ ಹುಡುಗಿ ನಮ್ಮ ಅಂಗಡಿಗೆ ಬಂದು ಬಟನ್ ಡಬ್ಬಿ ಜೊತೆ ಆಡುತ್ತಾ ಕೂತಿದ್ದಳು.

ಮಗಳು ಅದನ್ನು ಎಲ್ಲಿ ಕಲಿತಳು ಅಂತ ಯೋಚನೆ ಮಾಡಿದೆ. ನನ್ನ ಅಂಗಡಿಯಲ್ಲೇ. ಗಿರಾಕಿ ಹೊರಗೆ ಹೋದ ಮೇಲೆ "ನೋಡವಾ ಆಕಿ ತಂದ ಬಟ್ಟಿ, ಚಾ ಸೋಸೋ ಅರಿವಿ" ಅಂತ ನಾವು ಹೆಂಗಸರು ನಗ್ತಿದ್ವಿ. ಮಕ್ಕಳು ಅಲ್ಲೇ ಕೂತು ಹೋಂವರ್ಕ್ ಮಾಡ್ತಿದ್ದರು.

ಇದು ಬಟ್ಟೆ, ಬೂಟಿಗೆ ನಿಲ್ಲಲ್ಲ. ಜಾತಿಗೂ ಹೋಗುತ್ತೆ. 2021ರಲ್ಲಿ ನಮ್ಮದೇ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಹುಟ್ಟಿದ ಹಬ್ಬದ ದಿನ ದಲಿತರ ಸಣ್ಣ ಕೂಸೊಂದು ಗುಡಿಯೊಳಗೆ ಓಡಿಹೋಯಿತು ಅಂತ ಅವರ ಮನೆಯವರಿಗೆ ದಂಡ ಹಾಕಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅದನ್ನು ಮಾಡಿದವರು ದೊಡ್ಡವರು. ನಮ್ಮ ಮನೆಯಲ್ಲಿ ನಾವು ಬಳಸೋ ಶಬ್ದವನ್ನೇ ಮಕ್ಕಳು ಸಾಲಿಗೆ ಒಯ್ಯುತ್ತಾರೆ. ಜಾತಿ ಹೆಸರು ಹಿಡಿದು ಮಗುವನ್ನು ಹೀಯಾಳಿಸಿದರೆ, ಬೇರೆ ಕೂರಿಸಿದರೆ, ಅದು ಹುಡುಗಾಟ ಅಲ್ಲ. ಅದಕ್ಕೆ ಕಾನೂನು ಇದೆ, ಮುಚ್ಚಿಡಬೇಡ್ರಿ.

*ಈಗ ರೊಕ್ಕದ ಲೆಕ್ಕ*

ಆಯಿತು, ಕೇಳಿದ್ದು ರೊಕ್ಕದ ಮಾತು. ಆ ವರ್ಷದಿಂದ ನಾನು ಜೂನ್ ಖರ್ಚಿನ ಪದ್ಧತಿಯನ್ನೇ ಬದಲಿಸಿದೆ. ಒಂದೊಂದಾಗಿ ಹೇಳ್ತೀನಿ.

ಮೊದಲು, ಸಾಲಿ ಶುರುವಾಗೋಕೆ ಒಂದು ವಾರ ಇರುವಾಗ ಮಕ್ಕಳ ಎಲ್ಲ ಸಾಮಾನನ್ನೂ ನೆಲದ ಮೇಲೆ ಹರವ್ರಿ. ಮಕ್ಕಳನ್ನೂ ಕೂರಿಸಿಕೊಳ್ಳಿ. ಕಂಪಾಸು, ಸ್ಕೇಲು, ಅರ್ಧ ಉಳಿದ ಪೆನ್ಸಿಲು, ಏನೇನಿದೆ ನೋಡಿ. ಹೋದ ವರ್ಷದ ನೋಟ್‌ಬುಕ್ಕುಗಳಲ್ಲಿ ಖಾಲಿ ಹಾಳೆ ಎಷ್ಟಿರುತ್ತವೆ ಅಂತ ಎಣಿಸಿದರೆ ಬೆರಗಾಗ್ತೀರಿ. ಅವನ್ನು ಬಿಡಿಸಿ, ದಪ್ಪ ಸೂಜಿ, ದಪ್ಪ ದಾರದಿಂದ ನಡುವೆ ಮೂರು ತೂತು ಹಾಕಿ ಹೊಲೀರಿ. ಲೆಕ್ಕ ಬಿಡಿಸೋಕೆ, ಶುದ್ಧಬರಹ ರೂಢಿಗೆ ಸಾಕು. ನಮ್ಮ ಮನೆಯಲ್ಲಿ ಹಿಂಗೆ ನಾಲ್ಕು ಪುಸ್ತಕ ಆಗ್ತವೆ.

ಎರಡನೇದು, ಸರ್ಕಾರಿ ಸಾಲಿಯವರು ಸರ್ಕಾರ ಕೊಡೋದನ್ನು ಮತ್ತೆ ಕೊಳ್ಳಬೇಡ್ರಿ. ಪಠ್ಯಪುಸ್ತಕ ಪುಕ್ಕಟೆ. ಸಮವಸ್ತ್ರ ಕೊಡ್ತಾರೆ. ಒಂದು ಜೋಡಿ ಬೂಟು, ಎರಡು ಜೋಡಿ ಕಾಲುಚೀಲ ಕೊಡ್ತಾರೆ. ಮಧ್ಯಾಹ್ನದ ಊಟ ಇದೆ. 2002ರಲ್ಲಿ ರಾಜ್ಯದಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಬಟ್ಟೆ, ಬೂಟು ಬರೋದು ಕೆಲವು ಸಲ ತಡ ಆಗುತ್ತೆ, ಅದು ಖರೇ. ಆದರೆ ಅಲ್ಲಿವರೆಗೆ ಹಳೇದು ನಡೆಯುತ್ತಾ ಅಂತ ಅಕ್ಕೋರನ್ನು ಕೇಳ್ರಿ. ನಡೆಯುತ್ತೆ ಅಂತಾರೆ.

ಬೂಟಿನ ರೊಕ್ಕ ಸಾಲಿಯ ಎಸ್‌ಡಿಎಂಸಿ ಖಾತೆಗೆ ಬರುತ್ತೆ. ಒಂದರಿಂದ ಐದನೇ ಇಯತ್ತೆಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು–ಹತ್ತಕ್ಕೆ 325 ಅಂತ ದರ ಇತ್ತು. ಎಸ್‌ಡಿಎಂಸಿ ಅಂದರೆ ನಾವೇ, ತಂದೆ ತಾಯಿಗಳು. ಕೊಳ್ಳುವಾಗ ಒಬ್ಬಿಬ್ಬರು ತಾಯಂದಿರು ಜೊತೆಗೆ ಹೋಗ್ರಿ. ಪ್ರತಿ ಮಗುವಿನ ಕಾಲಿನ ಅಳತೆ ಹಾಳೆ ಮೇಲೆ ಗೆರೆ ಎಳೆದು ಒಯ್ಯಿರಿ. ಆ ಟ್ರ್ಯಾಕ್ಟರ್ ಹುಡುಗಿಯ ಬೂಟು ದೊಡ್ಡದಾದದ್ದು ಹೆಂಗೆ ಗೊತ್ತಾ? ಯಾರೂ ಅವಳ ಕಾಲು ಅಳೆದಿರಲಿಲ್ಲ.

ಮೂರನೇದು, ಬಟ್ಟೆ. ನನ್ನ ಕಸುಬಿನ ಮಾತು, ಕೇಳ್ರಿ. ಮುಂದಿನ ವರ್ಷಕ್ಕೂ ಬರಲಿ ಅಂತ ಎರಡು ಸೈಜು ದೊಡ್ಡ ಅಂಗಿ ಹೊಲಿಸಬೇಡ್ರಿ. ಮಗು ಜೋಲಿಯಲ್ಲಿ ನಿಂತಂಗೆ ಕಾಣುತ್ತೆ, ಹುಡುಗರು ಹೆಸರು ಇಡ್ತಾರೆ. ಅದರ ಬದಲು ಮೈಗೆ ಸರಿಯಾಗಿ ಹೊಲಿಸಿ, ಒಳಗೆ ಬಟ್ಟೆ ಬಿಡಿಸ್ರಿ. ಚಡ್ಡಿ, ಪ್ಯಾಂಟಿನ ಕೆಳಗೆ ಎರಡು ಇಂಚು ಮಡಿಕೆ, ಲಂಗಕ್ಕೆ ಮೂರು ಇಂಚು, ಪಕ್ಕದ ಹೊಲಿಗೆಯಲ್ಲಿ ಒಂದು ಇಂಚು. ಟೇಲರ್‌ಗೆ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಕತ್ತರಿಸಿ ಬಿಡ್ತಾರೆ. ಮುಂದಿನ ವರ್ಷ ಬಿಚ್ಚಿ ಇಳಿಸಿಕೊಟ್ಟರೆ ಹೊಸದರಂಗೆ. ಹಳೇ ಮಡಿಕೆಯ ಗೆರೆ ಕಂಡರೆ ಅದರ ಮೇಲೊಂದು ಹೊಲಿಗೆ ಓಡಿಸಿದರೆ ಮುಚ್ಚಿಹೋಗುತ್ತೆ.

ಬೂಟನ್ನೂ ದೊಡ್ಡದು ತರಬೇಡ್ರಿ. ಬೆರಳ ಮುಂದೆ ಹೆಬ್ಬೆರಳಿನಷ್ಟು ಜಾಗ ಸಾಕು. ಸಂಜೆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತೆ, ಆವಾಗ ಅಳತೆ ನೋಡ್ರಿ.

ನಾಲ್ಕನೇದು, ಚೀಲ. ದೊಡ್ಡ ಚೀಲ ಬೇಕಾಗೇ ಇಲ್ಲ. 2019ರಲ್ಲಿ ಶಿಕ್ಷಣ ಇಲಾಖೆ ಆದೇಶ ಮಾಡಿದೆ: ಒಂದು–ಎರಡನೇ ಇಯತ್ತೆಗೆ ಎರಡು ಕಿಲೋ ಒಳಗೆ, ಮೂರರಿಂದ ಐದಕ್ಕೆ ಮೂರು ಕಿಲೋ ಒಳಗೆ, ಆರರಿಂದ ಎಂಟಕ್ಕೆ ನಾಲ್ಕು ಕಿಲೋ ಒಳಗೆ, ಒಂಬತ್ತು–ಹತ್ತಕ್ಕೆ ಐದು ಕಿಲೋ ಒಳಗೆ. ಅಷ್ಟು ಭಾರಕ್ಕೆ ಸಾಧಾರಣ ಚೀಲ ಸಾಕು. ಕೊಳ್ಳುವಾಗ ಚೀಲದ ಮೇಲಿನ ಚಿತ್ರ ನೋಡಬೇಡ್ರಿ, ಪಟ್ಟಿ ಕೂಡೋ ಜಾಗದಲ್ಲಿ ಎಷ್ಟು ಹೊಲಿಗೆ ಇವೆ ನೋಡ್ರಿ. ಒಂದೇ ಹೊಲಿಗೆ ಇದ್ದರೆ ದೀಪಾವಳಿಗೆ ಕಿತ್ತು ಬರುತ್ತೆ. ಕೊಂಡ ದಿನವೇ ಹತ್ತಿರದ ಟೇಲರ್ ಹತ್ತಿರ ಇನ್ನೆರಡು ಹೊಲಿಗೆ ಹಾಕಿಸಿ.

ಐದನೇದು, ಒಬ್ಬೊಬ್ಬರೇ ಪೇಟೆಗೆ ಹೋಗಬೇಡ್ರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಗಿದೆ. ನಮ್ಮ ಓಣಿಯ ಆರು ಜನ ಹೆಂಗಸರು ಪಟ್ಟಿ ಮಾಡಿಕೊಂಡು ಕೊಪ್ಪಳದ ಜವಾಹರ ರಸ್ತೆಗೆ ಹೋಗ್ತೀವಿ. ಆರು ಮನೆಯ ನೋಟ್‌ಬುಕ್ ಕೂಡಿಸಿದರೆ ಡಜನ್‌ಗಟ್ಟಲೆ ಆಗುತ್ತೆ, ಹೋಲ್‌ಸೇಲ್ ಅಂಗಡಿಯವರೂ ದರ ಬಿಡ್ತಾರೆ. ಒಬ್ಬಾಕಿಯೇ ಹೋಗಿ ಎರಡು ಪುಸ್ತಕ ಕೇಳಿದರೆ ಅವರು ನಮ್ಮ ಮುಖ ನೋಡಲ್ಲ. ಗಂಡುಹುಡುಗರಿಗೆ ಬಸ್ ಪುಕ್ಕಟೆ ಇಲ್ಲ, ವಿದ್ಯಾರ್ಥಿ ಪಾಸು ಜೂನ್‌ನಲ್ಲೇ ಮಾಡಿಸಿರಿ. ದಿನಾ ಟಿಕೆಟ್ ತೆಗೆಸಿದರೆ ವರ್ಷಕ್ಕೆ ಎಷ್ಟಾಗುತ್ತೆ ಗುಣಿಸಿ ನೋಡ್ರಿ.

ಆರನೇದು, ಎಲ್ಲವನ್ನೂ ಮೊದಲ ದಿನವೇ ಕೊಳ್ಳಬೇಡ್ರಿ. ಯಾವ ವಿಷಯಕ್ಕೆ ಎಷ್ಟು ಹಾಳೆಯ ಪುಸ್ತಕ ಬೇಕು ಅಂತ ಮಾಸ್ತರು ಹೇಳಿದ ಮೇಲೆ ತಗೊಳ್ಳಿ. ಖಾಸಗಿ ಸಾಲಿಯವರಾದರೆ ಹಿಂದಿನ ವರ್ಷದ ಹುಡುಗರ ಮನೆಯಿಂದ ಹಳೇ ಪುಸ್ತಕ ಕೇಳಿ ತರ್ರಿ. ಕೇಳೋಕೆ ನಾಚಿಕೆ ಬೇಡ. ರಾಜ್ಯ ಪಠ್ಯಕ್ರಮದ ಪುಸ್ತಕ ಒಂದು ಕಳೆದುಹೋದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ, ಬೇಕಾದ ಪಾಠ ಅಷ್ಟೇ ಪ್ರಿಂಟ್ ತೆಗೆಸಬಹುದು.

ಏಳನೇದು, ವಿದ್ಯಾರ್ಥಿ ವೇತನ. ಎಸ್‌ಎಸ್‌ಪಿ ಪೋರ್ಟಲ್‌ಗೆ ಅರ್ಜಿ ಹಾಕಬೇಕು. ಜಾತಿ, ಆದಾಯ ಪತ್ರ ಬೇಕು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿರಬೇಕು. ಕೊನೇ ದಿನದವರೆಗೆ ಕಾದು ಕಂಪ್ಯೂಟರ್ ಅಂಗಡಿ ಮುಂದೆ ಸಾಲು ನಿಲ್ಲಬೇಡ್ರಿ. ಪತ್ರಗಳನ್ನು ರಜೆಯಲ್ಲೇ ನಾಡ ಕಚೇರಿಯಲ್ಲಿ ಮಾಡಿಸಿಡ್ರಿ.

ಕೊನೇದು, ಚೀಲಕ್ಕೆ, ಬೂಟಿಗೆ ಸಾಲ ತೆಗೀಬೇಡ್ರಿ. ವಾರದ ಕಂತಿನವರು ಬಾಗಿಲಿಗೆ ಬಂದು ನಿಂತರೆ ಆ ಅವಮಾನವನ್ನೂ ಮಕ್ಕಳೇ ನೋಡ್ತಾರೆ. ವಸೂಲಿಯ ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರೋ ಹಂತಕ್ಕೆ ಹೋಯಿತು ಅಂದರೆ ಊರೂರಲ್ಲಿ ಏನು ನಡೀತಿತ್ತು ತಿಳಕೊಳ್ಳಿ. ನಾನು ಈಗ ಗೃಹಲಕ್ಷ್ಮಿ ರೊಕ್ಕ ಬಂದಾಗಲೆಲ್ಲ ಇನ್ನೂರು ರೂಪಾಯಿ ಬೇರೆ ಡಬ್ಬಿಯಲ್ಲಿ ಹಾಕ್ತೀನಿ. ಅದಕ್ಕೆ ನಾವು ಜೂನ್ ಡಬ್ಬಿ ಅಂತೀವಿ.

*ಮಗುವಿಗೆ ಲೆಕ್ಕ ಹೇಳ್ರಿ*

ಈ ಎಲ್ಲದಕ್ಕಿಂತ ದೊಡ್ಡದು ಒಂದಿದೆ. ಆ ವರ್ಷ ನಾನು ತ್ಯಾಪಿ ಹಚ್ಚಿದ್ದು ತಪ್ಪಲ್ಲ. ಅವನನ್ನು ಕೇಳದೇ ಹಚ್ಚಿದ್ದು ತಪ್ಪು. "ಯಾಕ ಹೊಸಾದು ಬೇಕು?" ಅಂತ ಒಂದು ಮಾತು ಕೇಳಿದ್ದರೆ ಜೂನ್‌ನಲ್ಲೇ ಬಾಯಿಬಿಡ್ತಿದ್ದನೋ ಏನೋ. ಅವನಿಗೆ ಹೋದ ವರ್ಷದಿಂದಲೇ ಸಣ್ಣ ಪುಟ್ಟ ಮಾತು ಬೀಳ್ತಿದ್ದವು ಅಂತ ಆಮೇಲೆ ಗೊತ್ತಾಯಿತು.

ಈಗ ಜೂನ್ ಡಬ್ಬಿಯನ್ನು ಮಕ್ಕಳ ಮುಂದೆಯೇ ಒಡೀತೀನಿ. "ಇಷ್ಟು ಐತಿ. ಇದರಾಗ ಇಬ್ಬರದೂ ಆಗಬೇಕು" ಅಂತ ಎಣಿಸಿ ತೋರಿಸ್ತೀನಿ. ಒಬ್ಬೊಬ್ಬರಿಗೆ ಒಂದು ಸಾಮಾನು ಅವರೇ ಆರಿಸಬಹುದು. ಮಗಳು ಹೋದ ವರ್ಷ ನೀರಿನ ಬಾಟಲಿ ಆರಿಸಿದಳು, ಮಗ ಕಂಪಾಸು. ಉಳಿದದ್ದರಲ್ಲಿ ಹಳೇದು ಯಾವುದು ನಡೆಯುತ್ತೆ ಅಂತ ಅವರೇ ಹೇಳ್ತಾರೆ. ತಾನೇ ಒಪ್ಪಿ ಒಯ್ದ ಹಳೇ ಚೀಲಕ್ಕೂ, ಅವ್ವ ಹೇರಿದ ಹಳೇ ಚೀಲಕ್ಕೂ ವ್ಯತ್ಯಾಸ ಇದೆ. ಯಾರಾದರೂ ಕೇಳಿದರೆ ಒಪ್ಪಿ ಒಯ್ದ ಹುಡುಗ "ಹೂಂ, ನಮ್ಮವ್ವನ ಹೊಲದಾಳ" ಅಂತ ತಲೆ ಎತ್ತಿ ಹೇಳ್ತಾನೆ. ಎಲ್ಲ ಮಕ್ಕಳಿಗೂ ಅದು ಆಗಲ್ಲ. ಆಗದವರನ್ನು ನೀವು ಬಲವಂತ ಮಾಡಬೇಡ್ರಿ, ಅವರ ಪರವಾಗಿ ದೊಡ್ಡವರು ಹೋಗಬೇಕು.

ಒಂದೆರಡು ಮಾತು ಹೇಳಿ ಮುಗಿಸ್ತೀನಿ. ಮಗು ಸೋಮವಾರದ ಹೊಟ್ಟೆನೋವು ಹೇಳಿದರೆ, ಡಬ್ಬಿ ತುಂಬಿದ್ದೇ ವಾಪಸ್ ಬಂದರೆ, ಸಾಮಾನು ಪದೇ ಪದೇ ಕಳೆದರೆ, ಮೊದಲು ಬೈಯಬೇಡ್ರಿ. ಪಕ್ಕದಲ್ಲಿ ಸುಮ್ಮನೆ ಕೂಡ್ರಿ. ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಹೇಳಲ್ಲ, ಕೆಲಸ ಮಾಡುತ್ತಾ ಕೂತಾಗ, ಕತ್ತಲಲ್ಲಿ ಹೇಳ್ತಾರೆ. ಕೇಳಿದ ಮೇಲೆ ಬರೆದಿಡ್ರಿ. ಕ್ಲಾಸ್ ಟೀಚರ್, ಆಮೇಲೆ ಹೆಡ್‌ಮಾಸ್ತರು, ಆಮೇಲೆ ಎಸ್‌ಡಿಎಂಸಿ, ಅಲ್ಲಿಗೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ. ಮಾಸ್ತರರೇ ಹೊಡೆದರೆ, ಹೀಯಾಳಿಸಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನಲ್ಲಿ ಎರಡಕ್ಕೂ ನಿಷೇಧ ಇದೆ. ಮಕ್ಕಳ ಸಹಾಯವಾಣಿ 1098, ದಿನದ ಇಪ್ಪತ್ನಾಲ್ಕು ತಾಸೂ ಇರುತ್ತೆ, ರೊಕ್ಕ ಹತ್ತಲ್ಲ. ಆ ನಂಬರನ್ನು ಮಗುವಿನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಡ್ರಿ. ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತೆ, ಅಲ್ಲಿಗೂ ಮಕ್ಕಳನ್ನು ಕಳಿಸ್ರಿ. ದೊಡ್ಡವರ ಮುಂದೆ ಎದ್ದು ನಿಂತು ತಮ್ಮ ಕಷ್ಟ ಹೇಳೋದು ಅಲ್ಲಿ ರೂಢಿಯಾಗುತ್ತೆ.

ಆ ತ್ಯಾಪಿ ಚೀಲ ಈಗಲೂ ನನ್ನ ಅಂಗಡಿಯಲ್ಲಿದೆ. ಕೊಯ್ದ ಜಾಗಕ್ಕೆ ಮಗನೇ ಒಂದು ರವಿವಾರ ಮಷಿನ್ ಮೇಲೆ ಕೂತು ಹೊಲಿಗೆ ಹಾಕಿದ, ಸೊಟ್ಟ ಸೊಟ್ಟ. ಅದರಲ್ಲಿ ಕಂಟ್ರೋಲ್ ಬಿಲ್ಲು, ಅಳತೆ ಟೇಪು ಇಡ್ತೀನಿ. ಸಾಲಿ ಬಟ್ಟೆ ಹೊಲಿಸೋಕೆ ಬಂದ ಮಗು ಬಾಯಿಬಿಡದೇ ನಿಂತರೆ, ಅಳತೆ ತಗೊಳ್ಳುತ್ತಾ ಕೇಳ್ತೀನಿ: "ಸಾಲ್ಯಾಗ ಯಾರ ಪಕ್ಕ ಕುಂದರ್ತೀಯಪಾ?"

ನೀವೂ ಇವತ್ತು ಸಂಜೆ ನಿಮ್ಮ ಮಗುವಿಗೆ ಅದೊಂದು ಕೇಳಿ ನೋಡ್ರಿ.